ಗಾಜಿನ ಹೆಂಚಿನ ಬಿಸಿಲು

ನನ್ನ ಮಗಳು ಒಂದೂವರೆ ವರ್ಷ ದಾಟಿದರೂ ಎದ್ದು ನಿಲ್ಲಲಿಲ್ಲ. ಕೂರುತ್ತಿದ್ದಳು. ಕೂತಲ್ಲಿಂದಲೇ ಮನೆಮಂದಿಗೆಲ್ಲ ಅಪ್ಪಣೆ ಕೊಡಿಸುತ್ತಿದ್ದಳು. ಬೆಲ್ಲದ ಡಬ್ಬಿ ಯಾವ ನಾಗಂದಿಗೆಯ ಮೇಲಿದೆಯೆಂದು ಬೆರಳು ಮಾಡಿ ತೋರಿಸುವಷ್ಟು ಲೋಕಜ್ಞಾನವೂ ಅವಳಿಗಿತ್ತು. ಆದರೆ ರಟ್ಟೆ ಹಿಡಿದು ನಿಲ್ಲಿಸಿದರೆ ಎರಡೂ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತಿದ್ದವು; ಮುಖ ಕಿವುಚಿ ಮತ್ತೆ ಕೂತುಬಿಡುತ್ತಿದ್ದಳು.

ಶಿಕಾರಿಪುರದ ಪೇಟೆಬೀದಿಯ ನನ್ನ ಗಂಡನ ಮನೆಯಲ್ಲಿ ಈ ತೊಂದರೆಗೆ ಪರಿಹಾರವೊಂದನ್ನು ಆಗಲೇ ಕಂಡುಹಿಡಿದಿದ್ದರು. ಅದು ಉದ್ದ ಲಂಗ. ಅಂಗಾಲು ಮುಚ್ಚಿ ಇನ್ನೂ ಒಂದು ಗೇಣು ನೆಲದ ಮೇಲೆ ಹರಡುವಂಥ ಲಂಗವನ್ನು ನನ್ನ ಅತ್ತೆ ಸ್ವತಃ ಅಳತೆ ಕೊಟ್ಟು ಹೊಲಿಸಿದ್ದರು. ಕಾಣದೇ ಇರುವ ಕಾಲು ಸೊಟ್ಟಗಿದೆಯೆಂದು ಯಾರೂ ಹೇಳುವಂತಿಲ್ಲವಲ್ಲ! ನೋಡಿದವರು "ರಾಜಕುಮಾರಿ ಹಂಗೆ ಅದಾಳೆ" ಎನ್ನುತ್ತಿದ್ದರು. ರಾಜಕುಮಾರಿಯರೂ ಒಂದಲ್ಲ ಒಂದು ದಿನ ಎದ್ದು ನಡೆಯಲೇಬೇಕಾಗುತ್ತದೆ ಎಂಬ ಚಿಂತೆ ನನ್ನೊಬ್ಬಳಿಗೇ ಇದ್ದಂತಿತ್ತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನನ್ನ ತವರು ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರಿನ ಕಾಡಿನ ಅಂಚಿಗೆ. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋದೆ. ಬಾಣಂತಿಯ ಕೋಣೆಯೆಂದರೆ ಕಿಟಕಿಗೆ ಕಂಬಳಿ, ಬಾಗಿಲಿಗೆ ಸೀರೆ, ಮಂಚದ ಕೆಳಗೆ ಕೆಂಡದ ಮಡಕೆ. ಕೂಸಿಗೆ ಕಿವಿ ಮುಚ್ಚುವ ಕುಲಾವಿ. ಹೀಗೆ ಹೊಗೆಯಲ್ಲಿ ಹದವಾಗಿ ಇನ್ನೇನು ಹೊರಗೆ ಬರಬೇಕು ಎನ್ನುವಾಗ ಕಾಡಿನಲ್ಲಿ ಮಂಗಗಳು ಮರದಿಂದ ಸತ್ತು ಬೀಳತೊಡಗಿದವು. ಆಮೇಲೆ ಸೊಪ್ಪು ಸೌದೆಗೆ ಹೋದ ಜನಕ್ಕೂ ಜ್ವರ ಬಂತು. ಕೆಲವರು ಎದ್ದರು, ಕೆಲವರು ಏಳಲಿಲ್ಲ. ಅದು ಗಾಳಿಯಿಂದಲೋ, ನೀರಿನಿಂದಲೋ, ಯಾರ ಶಾಪದಿಂದಲೋ ಆಗ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಮಾಡಬಹುದಾದ ಒಂದೇ ಕೆಲಸವನ್ನು ನನ್ನ ಅಮ್ಮ ಮಾಡಿದಳು: ಬಾಗಿಲು ಹಾಕಿದಳು. "ಕೂಸನ್ನ ಹೊಸಿಲು ದಾಟಿಸಿದ್ರೆ ನನ್ನ ಹೆಣ ದಾಟಿಸಿದ ಹಾಗೆ" ಎಂದಳು. ಅವಳನ್ನು ನಾನು ಇಂದಿಗೂ ದೂರುವುದಿಲ್ಲ. ಮಗು ಬದುಕಿತು. ನಾನು ಗಂಡನ ಮನೆಗೆ ಹಿಂತಿರುಗುವಾಗ ಅವಳಿಗೆ ವರ್ಷ ಸಮೀಪಿಸಿತ್ತು. ಅಷ್ಟರಲ್ಲಿ ಅವಳು ಸೂರ್ಯನನ್ನು ದೂರದ ನೆಂಟನಂತೆ ಎಲ್ಲೋ ಒಂದೆರಡು ಸಲ ನೋಡಿದ್ದಳು.

ಶಿಕಾರಿಪುರದಲ್ಲಿ ಮಂಗನ ಭಯವಿರಲಿಲ್ಲ. ಅಲ್ಲಿದ್ದದ್ದು ಬಣ್ಣದ ಭಯ. ಮಗು ನನ್ನ ಅತ್ತೆಯ ಬಣ್ಣಕ್ಕೆ ಹುಟ್ಟಿತ್ತು. ಆ ಬಣ್ಣವನ್ನು ಕಾಪಾಡುವುದು ತಮ್ಮ ಸ್ವಂತ ಹೊಣೆಯೆಂದು ಅವರು ತಿಳಿದಿದ್ದರು. ಸಾಲುಮನೆಗಳ ನಡುವಿನ ಮನೆ ನಮ್ಮದು. ಎರಡು ಕಡೆಯೂ ಗೋಡೆ ನೆರೆಯವರದು, ಹಿತ್ತಲಿನ ಮೇಲೆ ಪಕ್ಕದ ಮಹಡಿಯ ನೆರಳು. ಬಿಸಿಲು ನೇರವಾಗಿ ಬೀಳುತ್ತಿದ್ದದ್ದು ಬೀದಿಯ ಕಟ್ಟೆಯ ಮೇಲೆ ಮಾತ್ರ. ಬೀದಿಯ ಕಟ್ಟೆಗೆ ಹೆಣ್ಣುಮಗುವನ್ನು ಯಾಕೆ ತರಬೇಕು?

ದೀಪಾವಳಿ ಕಳೆದ ಮೇಲೆ ನಾನು ಹಟ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೊರಟೆ. ಅತ್ತೆಯೂ ಬಂದರು, ಸೊಸೆಯನ್ನು ಒಬ್ಬಳನ್ನೇ ಕಳಿಸಿದರೆ ಆಸ್ಪತ್ರೆಯವರು ಏನೆಂದುಕೊಂಡಾರು ಎಂದು. ಡಾಕ್ಟರು ಮೈಸೂರಿನ ಕಡೆಯವರು, ವಯಸ್ಸಾದವರು. ಮಗುವಿನ ಮಣಿಕಟ್ಟು ಒತ್ತಿ ನೋಡಿದರು. ಲಂಗ ಎತ್ತಿ ಕಾಲು ನೋಡಿದರು. ಆಮೇಲೆ ಕೇಳಿದರು:

"ಬಿಸಿಲಿಗೆ ಬಿಡ್ತೀರಾ ಇವಳನ್ನ?"

ಅತ್ತೆ ಹೆಮ್ಮೆಯಿಂದ ನೆಟ್ಟಗೆ ಕೂತರು. "ಬಂಗಾರದಂಗೆ ಇಟ್ಕೊಂಡೀವಿ ಡಾಕ್ಟ್ರೇ. ಹುಟ್ಟಿದಾಗಿಂದ ಒಂದಿನ ಬಿಸ್ಲು ತಾಗ್ಸಿಲ್ಲ."

"ಇವಳ ಕಾಯಿಲೆ ಅದೇ, ತಾಯಿ," ಎಂದರು ಡಾಕ್ಟರು.

ಆಮೇಲೆ ಅವರು ಬಿಡಿಸಿ ಹೇಳಿದರು. ಎಲುಬು ಗಟ್ಟಿಯಾಗಲು ಡಿ ಎನ್ನುವ ವಿಟಮಿನ್ ಬೇಕು. ಬರಿಮೈ ಮೇಲೆ ಬಿಸಿಲು ಬಿದ್ದರೆ ಮೈಯೇ ಅದನ್ನು ತಯಾರಿಸಿಕೊಳ್ಳುತ್ತದೆ. ಬಿಸಿಲಿಲ್ಲವಾದರೆ ಮೀನೆಣ್ಣೆ ಕುಡಿಸಬೇಕು. ಮೊಟ್ಟೆಯ ಹಳದಿಯಲ್ಲೂ ಸ್ವಲ್ಪ ಇರುತ್ತದೆ. ಮೀನೆಣ್ಣೆ ಎಂಬ ಮಾತು ಕೇಳಿದ್ದೇ ಅತ್ತೆಯ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿಯಿತು.

"ಇನ್ನೊಂದ್ಸಲ ಹೇಳ್ರೀ," ಎಂದರು. "ಮೊದ್ಲು ಹೇಳಿದ್ರಲ್ಲ, ಅದಷ್ಟನ್ನೇ."

ಹೀಗೆ ನಮ್ಮ ಮನೆತನ ಸರ್ವಾನುಮತದಿಂದ ಬಿಸಿಲನ್ನು ಆರಿಸಿಕೊಂಡಿತು. ಡಾಕ್ಟರು ಆದರೂ ಒಂದು ಸೀಸೆ ಮೀನೆಣ್ಣೆ ಕೊಟ್ಟರು. ನನ್ನ ಗಂಡ ಅದನ್ನು ಹೊಸಿಲು ದಾಟಿಸುವ ಧೈರ್ಯವಿಲ್ಲದೆ ತಮ್ಮ ಕಾಳಿನ ಮಂಡಿಯಲ್ಲೇ ಇಟ್ಟರು. ಗಾಡಿಯವನೊಬ್ಬ ಮುಚ್ಚಳ ತೆಗೆದು ಮೂಸಿ, "ಇದನ್ನ ಗಾಲಿಗೆ ಹಾಕಿದ್ರೆ ಎತ್ತು ಹೂಡೋಕೆ ಬಿಡಾದಿಲ್ಲ ಯಜಮಾನ್ರೇ" ಎಂದನಂತೆ. ಅಲ್ಲಿಗೆ ಅದರ ಚರಿತ್ರೆ ಮುಗಿಯಿತು.

ಬಿಸಿಲನ್ನು ಆರಿಸಿಕೊಂಡದ್ದಾಯಿತು. ಅದನ್ನು ಎಲ್ಲಿ ಕೊಡುವುದು? ಕಟ್ಟೆಯ ಮೇಲೆ ಎಂದು ನಾನು. ಅತ್ತೆ ನನ್ನನ್ನು ಪಡಸಾಲೆಯ ಮೂಲೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ನಿನ್ನ ನಾದ್ನಿನ ನೋಡಾಕೆ ಉಡುತಡಿಯವ್ರು ಬರ್ತಾರೆ. ಇಂಥ ದಿನ ಅಂತಿಲ್ಲ, ಯಾವತ್ತು ಬೇಕಾದ್ರೂ ಬಂದಾರು. ಕಟ್ಟೆ ಮ್ಯಾಲೆ ಸೊಟ್ಟ ಕಾಲಿನ ಕೂಸು ಕುಂತಿದ್ರೆ ಏನಂತಾರೆ? ಈ ವಂಶದಾಗೇ ಕಾಲು ಸರಿ ಇಲ್ಲ ಅಂತಾರೆ. ನಿನ್ನ ಮಗಳಿಗೋಸ್ಕರ ನನ್ನ ಮಗಳನ್ನ ಮನ್ಯಾಗೆ ಕೂರಿಸ್ಕೊಳ್ಲಾ?"

ಅವರ ಮಾತಿನಲ್ಲಿ ತಥ್ಯವಿಲ್ಲವೆಂದು ಹೇಳಲಾರೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಹೆಣ್ಣಿನ ಮನೆಯ ದನದ ಕಾಲನ್ನೂ ನೋಡಿ ಹೋಗುತ್ತಿದ್ದ ಕಾಲ ಅದು. ಅತ್ತೆ ತಲೆಯೆತ್ತಿ ಸೂರು ನೋಡಿದರು. ಪಡಸಾಲೆಯ ಮಂಗಳೂರು ಹೆಂಚುಗಳ ನಡುವೆ ಬೆಳಕಿಗೆಂದು ಕೂರಿಸಿದ ಒಂದು ಗಾಜಿನ ಹೆಂಚಿತ್ತು. ಅದರಿಂದ ಒಂದು ಕೋಲು ಬಿಸಿಲು ನೆಲಕ್ಕೆ ಇಳಿದಿತ್ತು, ತಟ್ಟೆಯಗಲ.

"ಇದು ಬಿಸ್ಲಲ್ಲೇನು?" ಎಂದರು.

ಬಿಸಿಲೇ. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನನ್ನ ಗಂಡ ಮುಟ್ಟಿ ನೋಡಿ ಒಪ್ಪಿದರು. ನಾದಿನಿಯಂತೂ ಮಿಡ್ಲ್ ಸ್ಕೂಲು ಮುಗಿಸಿ ಗಂಡಿಗಾಗಿ ಕಾಯುತ್ತ ಕೂತಿದ್ದವಳು. ಆರೋಗ್ಯ ಪಾಠದ ಉತ್ತರವನ್ನು ಅವಳು ಒಂದೇ ಉಸಿರಿನಲ್ಲಿ ಒಪ್ಪಿಸಿದಳು: "ಡಿ ವಿಟಮಿನ್ ದೊರೆಯುವ ಮೂಲಗಳು: ಮೀನೆಣ್ಣೆ, ಮೊಟ್ಟೆ, ಬೆಣ್ಣೆ ಮತ್ತು ಸೂರ್ಯನ ಬೆಳಕು. ಇದರ ಕೊರತೆಯಿಂದ ಮಕ್ಕಳ ಕಾಲು ಬಾಗುತ್ತದೆ." ಇದನ್ನು ಬರೆದು ಅವಳು ಪೂರ್ತಿ ಅಂಕ ಪಡೆದಿದ್ದಳಂತೆ. ಬಾಗಿದ ಕಾಲಿನ ಮಗು ಎಷ್ಟೋ ತಿಂಗಳಿಂದ ಅವಳ ತೊಡೆಯ ಮೇಲೇ ಆಡಿಕೊಂಡಿತ್ತು. ಅದು ಪರೀಕ್ಷೆಗೆ ಬಂದಿರಲಿಲ್ಲ, ಹಾಗಾಗಿ ಅವಳಿಗೆ ಹೊಳೆದಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಪಡಸಾಲೆಯಲ್ಲಿ ನಡೆದದ್ದು ಯಾವ ಮಠದ ಪೂಜೆಗೂ ಕಡಿಮೆಯಿರಲಿಲ್ಲ. ಮೊದಲು ಬೀದಿಬಾಗಿಲು ಹಾಕಬೇಕು. ಆಮೇಲೆ ಲಂಗ ಬಿಚ್ಚಬೇಕು. ಮಗುವಿನ ಚಾಪೆಯನ್ನು ಬಿಸಿಲಿನ ತಟ್ಟೆಯ ಕೆಳಗೆ ಸರಿಯಾಗಿ ಹೊಂದಿಸಬೇಕು. ಬಿಸಿಲು ನಿಲ್ಲುವ ಜಾತಿಯದಲ್ಲ. ಅಡುಗೆಮನೆಯ ಬಾಗಿಲಲ್ಲಿ ಇಳಿದು, ಕಂಬ ಸುತ್ತಿ, ಬೀಸುವ ಕಲ್ಲಿನವರೆಗೆ ನಡೆದುಹೋಗುತ್ತಿತ್ತು. ಅದರ ಹಿಂದೆ ಚಾಪೆ, ಚಾಪೆಯ ಹಿಂದೆ ನಾವು. ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು: "ಎಡಗಾಲು ನೆಳ್ಳಾಗೈತೆ ನೋಡೇ!" ಒಂದು ಕಾಲಿಗೆ ಸಿಕ್ಕರೆ ಇನ್ನೊಂದಕ್ಕಿಲ್ಲ, ಎರಡಕ್ಕೂ ಸಿಗುವ ಹೊತ್ತಿಗೆ ಮೋಡ. ಮಗು ಆ ಬಿಸಿಲಿನಲ್ಲಿ ತೇಲುವ ಧೂಳನ್ನು ಹಿಡಿಯಲು ನೋಡುತ್ತ ಸುಖವಾಗಿತ್ತು. ಮನೆಯಲ್ಲಿ ಎಲ್ಲರಿಗೂ ತಾವು ಮಾಡಬೇಕಾದ್ದನ್ನು ಮಾಡುತ್ತಿದ್ದೇವೆಂಬ ತೃಪ್ತಿ.

ಕಾಲುಗಳು ಮಾತ್ರ ಇದ್ದ ಹಾಗೇ ಇದ್ದವು. ನನಗೆ ಸ್ವಲ್ಪ ಹೆಚ್ಚೇ ಬಾಗಿದ ಹಾಗೆ ಕಂಡವು.

ಶಿವರಾತ್ರಿ ಮುಗಿದ ಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾಲು ನೋಡಿ ಹುಬ್ಬು ಗಂಟಿಕ್ಕಿದರು.

"ಬಿಸಿಲಿಗೆ ಹಾಕಲಿಲ್ವಾ?"

"ದಿನಾ ಹಾಕೀವ್ರೀ," ಎಂದರು ಅತ್ತೆ. "ಒಂದಿನ ತಪ್ಸಿಲ್ಲ."

"ಎಲ್ಲಿ ಹಾಕ್ತೀರಿ?"

"ಪಡಸಾಲ್ಯಾಗೆ."

"ಪಡಸಾಲೇಲಿ ಬಿಸಿಲು ಹೇಗೆ ಬರುತ್ತಮ್ಮಾ?"

ಅತ್ತೆ ಗಾಜಿನ ಹೆಂಚಿನ ವ್ಯವಸ್ಥೆಯನ್ನು ವಿವರಿಸಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ನಗು ಬಂದಿತ್ತೋ ಸಿಟ್ಟು ಬಂದಿತ್ತೋ ನಾನು ಹೇಳಲಾರೆ. ಬಹುಶಃ ಒಂದರ ಹಿಂದೆ ಒಂದು.

"ಗಾಜಿನೊಳಗಿಂದ ಬೆಳಕು ಬರುತ್ತೆ, ಬಿಸಿ ಬರುತ್ತೆ. ನಿಮ್ಮ ಮಗುವಿಗೆ ಬೇಕಾಗಿರೋ ಅಂಶ ಮಾತ್ರ ಗಾಜಿನ ಮೇಲೇ ನಿಂತುಬಿಡುತ್ತೆ. ಅದು ಕಣ್ಣಿಗೆ ಕಾಣೋದಲ್ಲ. ಬಯಲಲ್ಲಿ ಹಾಕಿ. ಮಳೆಗಾಲ ಹಿಡಿಯೋದ್ರೊಳಗೆ ಕಾಲಿಗೆ ಶಕ್ತಿ ಬರಬೇಕು. ಆಮೇಲೆ ತಿಂಗಳುಗಟ್ಟಲೆ ಬಿಸಿಲೇ ಇರಲ್ಲ. ಎಲುಬು ಹೀಗೇ ಗಟ್ಟಿಯಾದ್ರೆ ಕಾಲು ಹೀಗೇ ಉಳಿಯುತ್ತೆ."

ಬರುವ ದಾರಿಯಲ್ಲಿ ಅತ್ತೆ ಮುಂದೆ ಮುಂದೆ ಬಿರುಸಾಗಿ ನಡೆದರು. ಮನೆಯ ಮೆಟ್ಟಿಲ ಬಳಿ ನಿಂತು ಹೇಳಿದರು: "ಕಾಣೋ ಬಿಸ್ಲು ಒಳಗೆ ಬಂತಂತೆ, ಕಾಣದಿರೋದು ಹೊರಗೆ ನಿಂತಂತೆ. ಎಂಥಾ ಮಾತು! ಮೀನೆಣ್ಣೆ ಖರ್ಚಾಗ್ಲಿ ಅಂತ ಹೇಳ್ತಾನೆ ಆತ."

"ಅತ್ತೇ, ಅವರು ಈ ಸಲ ಮೀನೆಣ್ಣೆ ಸುದ್ದಿನೇ ಎತ್ತಲಿಲ್ಲ. ಬಯಲಿಗೆ ಹಾಕಿ ಅಂದ್ರು, ಅಷ್ಟೇ."

"ಉಡುತಡಿಯವ್ರು ಬಂದು ಹೋಗ್ಲಿ. ಆಮ್ಯಾಲೆ ಬಯಲಿಗಾದ್ರೂ ಹಾಕು, ಹೊಲಕ್ಕಾದ್ರೂ ಹಾಕು."

"ಅವರು ಮಳೆ ಹಿಡಿದ ಮೇಲೆ ಬಂದ್ರೆ?"

"ನಿಮ್ಮ ಸೊರಬದಾಗೆ ಮಳೆ ಬಿಟ್ರೆ ಬೇರೆ ಚಿಂತೇನೇ ಇಲ್ಲೇನು?" ಎಂದು ಒಳಗೆ ಹೋದರು.

ವಾದದಲ್ಲಿ ಅತ್ತೆಯನ್ನು ಗೆದ್ದ ಸೊಸೆ ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ನಾನು ಆ ಸಾಲಿಗೆ ಸೇರುವ ಆಸೆಯನ್ನೂ ಇಟ್ಟುಕೊಳ್ಳಲಿಲ್ಲ. ಆದರೆ ಅಂದು ಕಾಲು ತೊಳೆಯುವಾಗಲೇ ನಿರ್ಧರಿಸಿದೆ: ಮಗಳನ್ನು ಆ ಗಾಜಿನ ಕೆಳಗೆ ಇನ್ನು ಮಲಗಿಸುವುದಿಲ್ಲ.

ಅದು ಸಂಡಿಗೆಯ ಕಾಲ. ಸಂಡಿಗೆಯೆಂದರೆ ನನ್ನ ಅತ್ತೆಯ ಸಾಮ್ರಾಜ್ಯ. ಅಕ್ಕಿ ನೆನೆಸುವುದರಿಂದ ಹಿಡಿದು ಹಿಟ್ಟು ಕುದಿಸುವ ಹದದವರೆಗೆ ಅವರ ಮಾತೇ ಕೊನೆ. ಹಾಕುವ ಜಾಗ ಬೀದಿಯ ಕಟ್ಟೆ, ಅಲ್ಲಿ ಮಾತ್ರ ದಿನವಿಡೀ ಬಿಸಿಲು. ಮಾರನೆಯ ಬೆಳಿಗ್ಗೆ ಅವರು ಹಿಟ್ಟು ಕುದಿಸಿ ಇಳಿಸಿ, "ಕಟ್ಟೆ ಮ್ಯಾಲೆ ಹಾಕ್ಬಿಡವ್ವ" ಎಂದು ಹೇಳಿ ಸ್ನಾನ ಪೂಜೆಗೆ ಹೋದರು. ನಾನು ಪಾತ್ರೆ ಎತ್ತಿಕೊಂಡು ಪಡಸಾಲೆಗೆ ಬಂದೆ. ಗಾಜಿನ ಹೆಂಚಿನ ಕೆಳಗೆ ಚಾಪೆ ಹಾಸಿ, ಒದ್ದೆ ಬಟ್ಟೆ ಹರಡಿ, ಒಂದೊಂದೇ ಸಂಡಿಗೆ ಇಟ್ಟೆ. ಬಿಸಿಲು ಸರಿದ ಹಾಗೆ ಚಾಪೆ ಸರಿಸಿದೆ. ನಾದಿನಿ ಬಂದು ನೋಡಿ ಕಣ್ಣರಳಿಸಿದಳು.

"ಅತ್ಗೆ, ನಿಮ್ಗೆ ತಲೆ ಸರಿ ಐತಾ? ಅವ್ವ ಸಿಗಿದು ಹಾಕ್ತಾಳೆ!"

"ಬಿಸಿಲು ಅದೆ ಅಲ್ವಾ? ಒಣಗ್ತಾವೆ. ಆ ಕಡೆ ಹಿಡಿ, ಚಾಪೆ ಕಂಬದ ಹತ್ತಿರ ಎಳೀಬೇಕು."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಚಾಪೆಯ ಇನ್ನೊಂದು ತುದಿ ಹಿಡಿದಳು. ಪರೀಕ್ಷೆಗೆ ಬಾರದ ವಿಷಯವೂ ಅವಳಿಗೆ ಹೊಳೆಯುತ್ತದೆಂದು ನನಗೆ ತಿಳಿದದ್ದು ಅವತ್ತು.

ಅತ್ತೆ ಪೂಜೆ ಮುಗಿಸಿ ದೇವರ ಕೋಣೆಯಲ್ಲೇ ಹೂಬತ್ತಿ ಹೊಸೆಯುತ್ತ ಕೂತದ್ದು ನನ್ನ ಭಾಗ್ಯ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಹೊರಗೆ ಬಂದು ಕಟ್ಟೆ ನೋಡಿದರು, ಖಾಲಿ. ತಿರುಗಿ ಬಂದು ಪಡಸಾಲೆ ನೋಡಿದರು. ಬಟ್ಟೆಯ ಮೇಲೆ ಸಂಡಿಗೆಗಳು ಹಸಿಹಸಿಯಾಗಿ ಬಿದ್ದಿದ್ದವು, ಹುಳಿ ವಾಸನೆ ಹೊಡೆಯುತ್ತ. ಒಂದನ್ನು ಬೆರಳಿನಿಂದ ಒತ್ತಿದರು, ಅಂಟಿಕೊಂಡು ಬಂತು.

"ಹುಚ್ಚು ಹಿಡಿದೈತೇನೇ ನಿನಗೆ? ಬಿಸ್ಲಿಲ್ಲದ ಕಡೆ ಯಾರಾದ್ರೂ ಸಂಡಿಗೆ ಹಾಕ್ತಾರಾ?"

ಉತ್ತರ ಕೊಟ್ಟವಳು ನಾದಿನಿ, ಅದೂ ಮೆಲ್ಲಗೆ: "ಅವ್ವಾ, ಬಿಸ್ಲಿಲ್ಲ ಅಂತ ಈಗ ನೀನೇ ಅಂದಿ."

ವಿಜ್ಞಾನದ ದೃಷ್ಟಿಯಿಂದ ನನ್ನ ಪ್ರಯೋಗ ಶುದ್ಧ ಅಪದ್ಧ. ಸಂಡಿಗೆ ಒಣಗಲು ಬೇಕಾದದ್ದು ಬೇರೆ, ಎಲುಬಿಗೆ ಬೇಕಾದದ್ದು ಬೇರೆ. ಡಾಕ್ಟರಿಗೆ ಹೇಳಿದ್ದರೆ ಮತ್ತೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆದರೆ ನಮ್ಮ ಪಡಸಾಲೆಯ ಕಟಕಟೆಯಲ್ಲಿ ಅದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿರಲಿಲ್ಲ. ಅತ್ತೆ ಸಂಡಿಗೆ ನೋಡಿದರು, ಸೂರು ನೋಡಿದರು, ಮೂಲೆಯಲ್ಲಿ ಲಂಗ ಹರಡಿ ಕೂತಿದ್ದ ಮೊಮ್ಮಗಳನ್ನು ನೋಡಿದರು. ಅವರ ಮುಖ ಸಣ್ಣದಾಯಿತು.

"ಆದ್ರೂ ಉಡುತಡಿಯವ್ರು..." ಎಂದು ಶುರು ಮಾಡಿದರು.

"ಕೂಸಿನ ಕಾಲು ನೋಡಿ ವಾಪಸ್ ಹೋಗೋರು ಹೋಗ್ಲಿ ಬಿಡವ್ವಾ," ಎಂದಳು ನಾದಿನಿ. "ಅಂಥವ್ರ ಮನ್ಯಾಗೆ ನಾಳೆ ನನಗೊಂದು ಕೂಸು ಹುಟ್ಟಿ ಅದಕ್ಕೂ ಹಿಂಗಾದ್ರೆ, ಆಗ ಎಲ್ಲಿ ಮುಚ್ಚಿಡ್ಲಿ?"

ಅತ್ತೆ ಕೆಟ್ಟ ಸಂಡಿಗೆಯನ್ನು ಬಟ್ಟೆಸಮೇತ ಎತ್ತಿ ಹಿತ್ತಲಿಗೆ ಹಾಕಿ ಬಂದರು.

ಮರುದಿನ ಬೆಳಿಗ್ಗೆ ನಾನು ಯಾರನ್ನೂ ಕೇಳಲಿಲ್ಲ. ಲಂಗ, ಕುಲಾವಿ ಎರಡನ್ನೂ ಬಿಚ್ಚಿ ಮಗಳನ್ನು ಕಟ್ಟೆಯ ಮೇಲೆ ಕೂರಿಸಿದೆ. ಬೀದಿ ನಿಂತು ನೋಡಿತು. ನೀರಿಗೆ ಹೊರಟವರು ಕೊಡ ಸೊಂಟದಿಂದ ಸೊಂಟಕ್ಕೆ ಬದಲಿಸುವ ನೆಪದಲ್ಲಿ ತಡೆದರು. "ಅಯ್ಯೋ ಯವ್ವಾ, ಕಾಲಿಗೇನಾತು?" ಎಂದು ಒಬ್ಬಾಕೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು. ಅವರು ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಕಾಲು ಮೆತ್ತಗಾಗ್ಯಾವೆ. ಬಿಸ್ಲಿಗೆ ಹಾಕೀವಿ. ನಿನ್ನ ಮೊಮ್ಮಗನ ಕಾಲೂ ಒಂದ್ಸಲ ಬಿಚ್ಚಿ ನೋಡ್ಕೋ."

ಆಕೆ ಬೇಗ ಬೇಗ ಬಾವಿಯ ಕಡೆ ನಡೆದಳು. ಅತ್ತೆ ಬಂದು ಕೂತರು. ಮಗುವಿನ ಒಂದು ಪಕ್ಕದಲ್ಲಿ ಸಂಡಿಗೆ ಹಾಕಿದರು, ಇನ್ನೊಂದು ಪಕ್ಕದಲ್ಲಿ ಹಪ್ಪಳ. ಕಾಗೆ ಓಡಿಸುವ ಕೋಲನ್ನು ತಾವೇ ಹಿಡಿದರು. ಅದು ಕಾಗೆಗೆ ಎಷ್ಟೋ, ಪ್ರಶ್ನೆ ಕೇಳುವವರಿಗೂ ಅಷ್ಟೇ ಎಂಬಂತಿತ್ತು.

ಉಡುತಡಿಯವರು ಬಂದದ್ದು ಹಾಗೆ ಕೂತ ಒಂದು ಬೆಳಿಗ್ಗೆಯೇ. ಗಾಡಿ ಇಳಿದವರಲ್ಲಿ ಹಿರಿಯಾಕೆ ಮೊದಲು ನೋಡಿದ್ದು ಸಂಡಿಗೆಯನ್ನಲ್ಲ. ಅತ್ತೆ ಎದ್ದು ಒಳಗೆ ಕರೆದರು. ಮಗುವನ್ನು ಎತ್ತಿ ಒಳಗಿಡಲು ನನಗೆ ಕಣ್ಣಿನಲ್ಲೇ ಹೇಳುತ್ತಾರೇನೋ ಎಂದು ನೋಡಿದೆ. ಹೇಳಲಿಲ್ಲ. ಬಂದವರು ಮಂಡಕ್ಕಿ ತಿಂದರು, ಕಾಫಿ ಕುಡಿದರು, ನಾದಿನಿಯನ್ನು ಒಂದು ಸಲ, ಅವಳು ನಡೆಯುವುದನ್ನು ಎರಡು ಸಲ ನೋಡಿದರು. ವಾರದ ಮೇಲೆ ಈ ವರ್ಷ ಮದುವೆ ಮಾಡುವ ಯೋಚನೆ ಇಲ್ಲವೆಂದು ಹೇಳಿಕಳಿಸಿದರು. ಅದೇ ವರ್ಷ ಬೇರೆಲ್ಲೋ ಮಾಡಿದರೆಂದು ಆಮೇಲೆ ತಿಳಿಯಿತು.

ಅವರು ಹಾಗೆ ಹೇಳಿಕಳಿಸಿದ ದಿನ ನಾನು ಅತ್ತೆಯ ಎದುರಿಗೆ ಹೋಗಲು ಹೆದರಿದೆ. ನಾದಿನಿ ಅಡುಗೆಮನೆಯಲ್ಲಿ ಕೂತು ಅತ್ತಳು, ಆಮೇಲೆ ಮುಖ ತೊಳೆದು ಬಂದು ಮಗುವಿನ ಕಾಲಿಗೆ ಎಣ್ಣೆ ಹಚ್ಚಿದಳು. ಅತ್ತೆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಲಿಲ್ಲ. ಅದನ್ನು ಅವರು ಬಿಸಿಲಿನ ಕಡೆಗೆ ತಿರುಗಿಸಿದರು.

"ಹೋಗೋದೆಲ್ಲ ಹೋತಲ್ಲ," ಎಂದರು. "ಇನ್ನು ಈ ಕಾಲು ನೆಟ್ಟಗಾಗೋವರೆಗೂ ನಾನು ಬಿಡಾದಿಲ್ಲ."

ಅಲ್ಲಿಂದ ಮುಂದೆ ನಮ್ಮ ಕಟ್ಟೆಯಲ್ಲಿ ದಂಡಿನ ಶಿಸ್ತು. ಬಿಸಿಲು ಕಟ್ಟೆಗೆ ಬಂತೆಂದರೆ ಮಗುವೂ ಕಟ್ಟೆಗೆ. ನೆತ್ತಿ ಸುಡುವ ಮುನ್ನ ಒಳಗೆ, ಸಂಜೆ ಮತ್ತೊಂದು ಸುತ್ತು. ಮಗುವಿನ ಬಂಗಾರದ ಬಣ್ಣ ತಾಮ್ರಕ್ಕೆ ತಿರುಗಿತು, ಆಮೇಲೆ ತಾಮ್ರವೂ ಕರಿ ಹಿಡಿಯಿತು. "ಕಪ್ಪಾದ್ಲಲ್ಲ" ಎಂದವರಿಗೆ ಅತ್ತೆ, "ಬಣ್ಣ ನಡೀತೈತೇನು? ಕಾಲು ನಡೀಬೇಕು" ಎನ್ನುತ್ತಿದ್ದರು. ಬೀದಿಯ ಇನ್ನೆರಡು ಕಟ್ಟೆಗಳ ಮೇಲೂ ಒಂದೊಂದು ಬರಿಮೈ ಕೂಸು ಕಾಣಿಸಿಕೊಂಡಿತು; ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ನನ್ನ ಗಂಡ ಮಂಡಿಯಿಂದ ಊಟಕ್ಕೆ ಬಂದಾಗಲೆಲ್ಲ ಮಗುವಿನ ಮೊಣಕಾಲನ್ನು ಕಾಳಿನ ಮಾದರಿ ನೋಡುವ ಹಾಗೆ ನೋಡಿ, "ಏನೋ ಸ್ವಲ್ಪ ಸುಧಾರಿಸ್ದಂಗೆ ಐತೆ" ಎನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟಿದ ಸಂಜೆಗಳಲ್ಲಿ ಮಾತ್ರ ಮಳೆಗೆ ಇನ್ನೆಷ್ಟು ದಿನವಿದೆಯೆಂದು ಬೆರಳು ಮಡಿಸುತ್ತಿದ್ದೆ.

ಮುಂಗಾರಿನ ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ. ಧಗೆ ವಿಪರೀತವಾಗಿದ್ದ ಒಂದು ಬೆಳಿಗ್ಗೆ ನಾನು ಕಟ್ಟೆಯ ತುದಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಅತ್ತೆ ಕೋಲು ಹಿಡಿದೇ ತೂಕಡಿಸುತ್ತಿದ್ದರು. ಮಗಳು ಬೆವತು, ಕಣ್ಣು ಕಿರಿದು ಮಾಡಿ ಸೂರ್ಯನನ್ನೊಮ್ಮೆ, ನಮ್ಮಿಬ್ಬರನ್ನೊಮ್ಮೆ ನೋಡಿದಳು. ಆಮೇಲೆ ಕಟ್ಟೆಯ ಕಂಬ ಹಿಡಿದಳು. ಎದ್ದಳು. ನನ್ನ ಕೈಯ ಮೊರ ಅಲ್ಲೇ ನಿಂತಿತು. ಕಾಲುಗಳು ಇನ್ನೂ ಸ್ವಲ್ಪ ಬಾಗಿದ್ದವು, ಆದರೆ ಕುಸಿಯಲಿಲ್ಲ. ಕಂಬ ಬಿಟ್ಟು, ಎರಡು ಕೈಯನ್ನೂ ಅಗಲಿಸಿ, ಒಂದೊಂದೇ ಹೆಜ್ಜೆ ಇಡುತ್ತ ಅವಳು ನೇರವಾಗಿ ಬಾಗಿಲ ನೆರಳಿಗೆ ಹೋಗಿ ಕೂತಳು. ಬಿಸಿಲು ಕೊಟ್ಟ ಬಲವನ್ನೆಲ್ಲ ಅವಳು ಮೊದಲು ಬಳಸಿದ್ದು ಬಿಸಿಲಿನಿಂದ ತಪ್ಪಿಸಿಕೊಳ್ಳಲು.

ಒಳಗಿನಿಂದ ನೋಡಿದ ನಾದಿನಿ ಚೀರಿದಳು. ಅತ್ತೆ ಗಡಬಡಿಸಿ ಎಚ್ಚರಗೊಂಡರು.

"ಯಾರು ಅವಳನ್ನ ನೆಳ್ಳಿಗೆ ಒಯ್ದದ್ದು?"

"ಯಾರೂ ಒಯ್ದಿಲ್ಲ ಅತ್ತೇ," ಎಂದೆ. "ಅವಳೇ ಹೋದಳು."

ಅತ್ತೆ ನನ್ನನ್ನು ನೋಡಿದರು, ಬಾಗಿಲಲ್ಲಿ ಕೂತ ಮೊಮ್ಮಗಳನ್ನು ನೋಡಿದರು. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರು.

"ಹೋದ್ರೆ ಹೋತು. ಇನ್ನೂ ಬಿಸ್ಲು ಎಳೇದೈತೆ, ಕರ್ಕೊಂಬಾ ಇಲ್ಲಿ." ನಾನು ಓಡಿದೆ. ಎರಡು ಕೈ ಚಾಚಿ ಬಗ್ಗಿದ್ದೆ, ಅಷ್ಟರಲ್ಲಿ ಹಿಂದಿನಿಂದ ಕೋಲು ಕಟ್ಟೆಗೆ ಬಡಿದ ಸದ್ದಾಯಿತು.

"ಬ್ಯಾಡ, ಬ್ಯಾಡ! ಎತ್ತಬ್ಯಾಡ ಕಣೇ. ನಡ್ಕೊಂಡೇ ಬರ್ಲಿ."